ಕಕ್ಷೆ ಬದಲಾದರೆ ಭೂಮಿಗೇನು, ಚಂದ್ರನಿಗೇನು: ನಮ್ಮ ಬಳಗದ ಪ್ರಶ್ನೋತ್ತರ

ನಿರ್ವಾಹಕರು, ಮುಲುಂಡ್: ಬಳಗದ ಎಲ್ಲರಿಗೂ ನಮಸ್ಕಾರ. ಭೂಮಿ ಸೂರ್ಯನಿಂದ ದೂರ ಸರಿಯುತ್ತಿದೆ, ಚಂದ್ರ ಕಕ್ಷೆ ಬಿಟ್ಟು ಹೋಗುತ್ತಾನೆ, ಆಗಸ್ಟ್ 12ರಂದು 7 ಸೆಕೆಂಡು ಗುರುತ್ವವೇ ಇರುವುದಿಲ್ಲ ಎಂಬ ಸಂದೇಶಗಳು ಈ ಜುಲೈ ಆರಂಭದಿಂದ ನಮ್ಮ ಗುಂಪಿನಲ್ಲಿ ಬಿಡುವಿಲ್ಲದೆ ಸುತ್ತುತ್ತಿವೆ. ಪುಣೆಯಲ್ಲಿ ಖಗೋಳವಿಜ್ಞಾನ ಕಲಿಸಿ ನಿವೃತ್ತರಾಗಿರುವ, ಉಬ್ಬರವಿಳಿತದ ಲೆಕ್ಕದಲ್ಲಿಯೂ ಪಳಗಿರುವ ನಮ್ಮ ಪ್ರಾಧ್ಯಾಪಕರು ಉತ್ತರಿಸಲು ಒಪ್ಪಿದ್ದಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಬೇಕು, ಮೇಲಿನ ಉತ್ತರಗಳನ್ನು ಓದಿದ ನಂತರ ಕೇಳಬೇಕು ಎಂದು ವಿನಂತಿ.

ಡೊಂಬಿವಲಿಯ ಸದಸ್ಯೆ: ಸರ್, ತಮಗೆ ಗೌರವಪೂರ್ವಕ ನಮಸ್ಕಾರಗಳು. ನನಗೆ ಬಂದ ಸಂದೇಶದ ಸಾರಾಂಶ ಹೀಗಿದೆ: ಸೂರ್ಯನಿಂದ 9 ಕೋಟಿ ಕಿ.ಮೀ. ದೂರದಲ್ಲಿರುವ ಭೂಮಿ ಈ ತಿಂಗಳು 15.2 ಕೋಟಿ ಕಿ.ಮೀ. ದೂರಕ್ಕೆ ಹೋಗುತ್ತದೆ, ಅಂದರೆ ಶೇ. 66ರಷ್ಟು ದೂರ, ಇದರಿಂದ ಆಗಸ್ಟ್ ಕೊನೆಯವರೆಗೆ ಎಂದೂ ಇಲ್ಲದ ಚಳಿ, ಕೆಮ್ಮು, ಉಸಿರಾಟದ ತೊಂದರೆ ಬರುತ್ತದೆ, ಅರಿಶಿನ, ಕಾಳುಮೆಣಸು, ಒಣಶುಂಠಿಯ ಕಷಾಯವನ್ನು ದಿನಕ್ಕೆ ಮೂರು ಬಾರಿ ಕುಡಿದರೆ ಬೇರೆ ಔಷಧದ ಅಗತ್ಯವಿಲ್ಲ. ನಮ್ಮ ಮಾವನವರಿಗೆ ಆಸ್ತಮಾ ಇದೆ. ಅವರು ಇದನ್ನು ಓದಿ, ಸೇದುವ ಔಷಧವನ್ನು (ಇನ್‌ಹೇಲರ್) ನಿಲ್ಲಿಸಿ, ನಾಲ್ಕು ದಿನಗಳಿಂದ ಕಷಾಯವನ್ನಷ್ಟೇ ಕುಡಿಯುತ್ತಿದ್ದಾರೆ. ಭೂಮಿ ನಿಜವಾಗಿಯೂ ಅಷ್ಟು ದೂರ ಹೋಗುತ್ತದೆಯೇ?

ಪ್ರಾಧ್ಯಾಪಕರು: ಅಮ್ಮಾ, ಮೊದಲು ಮಾವನವರ ವಿಷಯ. ನಾನು ವೈದ್ಯನಲ್ಲ, ಆದರೆ ಆಸ್ತಮಾ ಇರುವವರು ಮಳೆಗಾಲದಲ್ಲಿ ಔಷಧ ನಿಲ್ಲಿಸುವುದು ಅಪಾಯವೆಂದು ಹೇಳಲು ವೈದ್ಯನೇ ಆಗಬೇಕಾಗಿಲ್ಲ. ಅವರ ವೈದ್ಯರಿಗೆ ಇಂದೇ ಕರೆ ಮಾಡಿರಿ. ಕಷಾಯ ಕುಡಿಯಲಿ, ಬೇಡವೆನ್ನುವುದಿಲ್ಲ, ಆದರೆ ಔಷಧದ ಬದಲಿಗೆ ಅಲ್ಲ.

ಇನ್ನು ಸಂದೇಶ. ಭೂಮಿ ಸೂರ್ಯನಿಂದ 9 ಕೋಟಿ ಕಿ.ಮೀ. ದೂರದಲ್ಲಿ ಎಂದೂ ಇರುವುದಿಲ್ಲ. ಶುಕ್ರಗ್ರಹವೇ ಸೂರ್ಯನಿಂದ ಸುಮಾರು 10.8 ಕೋಟಿ ಕಿ.ಮೀ. ದೂರದಲ್ಲಿರುವಾಗ, ನಾವು ಅದಕ್ಕಿಂತ ಒಳಗೆ ಸುತ್ತುತ್ತಿದ್ದರೆ ಈ ಸಂದೇಶ ಬರೆಯುವವರೂ ಇರುತ್ತಿರಲಿಲ್ಲ, ಕಳುಹಿಸುವವರೂ ಇರುತ್ತಿರಲಿಲ್ಲ. ನಮ್ಮ ಸರಾಸರಿ ದೂರ 9.3 ಕೋಟಿ ಮೈಲಿ. ಯಾರೋ ಮೈಲಿಯನ್ನು ಕಿಲೋಮೀಟರ್ ಎಂದು ಬರೆದು, ಉಳಿದದ್ದನ್ನು ಅದರ ಮೇಲೆ ಕಟ್ಟಿದಂತೆ ಕಾಣುತ್ತದೆ. ಜನವರಿಯ ಮೊದಲ ದಿನಗಳಲ್ಲಿ, ಅಂದರೆ ಭೂಮಿ ಸೂರ್ಯನಿಗೆ ಅತಿ ಸಮೀಪವಿರುವ ಪುರರವಿಯಲ್ಲಿ, ದೂರ 14.71 ಕೋಟಿ ಕಿ.ಮೀ.; ಜುಲೈ ಮೊದಲ ವಾರದಲ್ಲಿ, ಅತಿ ದೂರವಿರುವ ಅಪರವಿಯಲ್ಲಿ, 15.21 ಕೋಟಿ. ವ್ಯತ್ಯಾಸ ಶೇ. 3.4 ಮಾತ್ರ. ಭೂಕಕ್ಷೆಯನ್ನು ಊಟದ ತಟ್ಟೆಯ ಅಳತೆಗೆ ಇಳಿಸಿ ಬರೆದರೆ ಅದರ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಒಂದು ಕೂದಲಿನ ದಪ್ಪವನ್ನೂ ಮೀರುವುದಿಲ್ಲ. ಸೂರ್ಯ ಮಾತ್ರ ನಟ್ಟನಡುವೆ ಇರದೆ ತುಸು ಒಂದು ಬದಿಗೆ ಇರುತ್ತಾನೆ. ಈ ಕಾರಣದಿಂದ ಜುಲೈಯಲ್ಲಿ ಬಿಸಿಲಿನ ಶಕ್ತಿ ಜನವರಿಗಿಂತ ಸುಮಾರು ಶೇ. 7 ಕಡಿಮೆ ಇರುತ್ತದೆ. ಆದರೂ ಇಡೀ ಭೂಮಿಯ ಸರಾಸರಿ ಉಷ್ಣಾಂಶ ಜುಲೈಯಲ್ಲಿಯೇ ಜನವರಿಗಿಂತ 2 ಡಿಗ್ರಿಗೂ ಮಿಕ್ಕಿ ಹೆಚ್ಚಿರುತ್ತದೆ, ಏಕೆಂದರೆ ನೆಲದ ಹೆಚ್ಚಿನ ಭಾಗವಿರುವ ಉತ್ತರ ಗೋಳಾರ್ಧ ಆಗ ಸೂರ್ಯನ ಕಡೆಗೆ ವಾಲಿರುತ್ತದೆ ಮತ್ತು ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ. ಡೊಂಬಿವಲಿಯಲ್ಲಿ ಈಗ ತಂಪಾಗಿರುವುದು ಮಳೆಯಿಂದ. ಅಪರವಿ ಪ್ರತಿ ವರ್ಷವೂ ಬರುತ್ತದೆ, ನೀವು ಹುಟ್ಟಿದಂದಿನಿಂದ ಬರುತ್ತಲೇ ಇದೆ.

ಕೋಥರೂಡಿನ ಸದಸ್ಯರು: ಸರ್, ಆಗಸ್ಟ್ 12ರಂದು ಗುರುತ್ವ ಇಲ್ಲವಾಗುವ ವಿಷಯವನ್ನು ದಯವಿಟ್ಟು ವಿವರಿಸಬೇಕು. ಅದಕ್ಕಾಗಿ ರಹಸ್ಯ ಯೋಜನೆಯೇ ಇದೆ ಎಂದು ಬರೆದಿದ್ದಾರೆ.

ಪ್ರಾಧ್ಯಾಪಕರು: ಗುರುತ್ವ ಇಲ್ಲವಾಗಬೇಕಾದರೆ ಭೂಮಿಯ ದ್ರವ್ಯರಾಶಿ ಇಲ್ಲವಾಗಬೇಕು. ಅದಕ್ಕೆ ಯಾರ ಬಳಿಯೂ ಯೋಜನೆಯಿಲ್ಲ. ಅಂದು ನಡೆಯುವುದು ಸೂರ್ಯಗ್ರಹಣ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್ ದೇಶಗಳಲ್ಲಿ ಪೂರ್ಣವಾಗಿ ಕಾಣುತ್ತದೆ. ನಮಗೆ ಆಗ ರಾತ್ರಿ ಹನ್ನೊಂದು ಕಳೆದಿರುವುದರಿಂದ ಕಾಣುವುದೇ ಇಲ್ಲ. ಸೂರ್ಯ ಮತ್ತು ಚಂದ್ರ ಒಂದೇ ದಿಕ್ಕಿನಿಂದ ಎಳೆದಾಗ ನಿಮ್ಮ ತೂಕದಲ್ಲಾಗುವ ಬದಲಾವಣೆ ಕೋಟಿಯಲ್ಲಿ ಒಂದೆರಡು ಪಾಲು ಮಾತ್ರ, ಮತ್ತು ಅಂಥದ್ದು ಪ್ರತಿ ಅಮಾವಾಸ್ಯೆಗೂ ಆಗುತ್ತದೆ. ಚಂದ್ರ ಆಗಸ್ಟ್ 10ರಂದೇ ಭೂಮಿಗೆ ಸಮೀಪ ಬಂದಿರುವುದರಿಂದ 13 ಮತ್ತು 14ರ ಸುಮಾರಿಗೆ ಕರಾವಳಿಯಲ್ಲಿ ಉಬ್ಬರ ದೊಡ್ಡದಿರುತ್ತದೆ. ಗಮನಿಸಬೇಕಾದ ವಿಷಯ ಅದೊಂದೇ. ಸಂದೇಶದಲ್ಲಿ ಅದೇ ಇಲ್ಲ.

ವಾಶಿಯ ವಿದ್ಯಾರ್ಥಿನಿ: ಸರ್, ಚಂದ್ರ ಈಗಿನ ಅರ್ಧ ದೂರದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು?

ಪ್ರಾಧ್ಯಾಪಕರು: ಇದು ಒಳ್ಳೆಯ ಪ್ರಶ್ನೆ, ಏಕೆಂದರೆ ಇದನ್ನು ಲೆಕ್ಕ ಹಾಕಿ ನೋಡಬಹುದು. ಈಗಿನ ಸರಾಸರಿ ದೂರ 3,84,400 ಕಿ.ಮೀ.; ಅರ್ಧವೆಂದರೆ 1,92,200. ಕೆಪ್ಲರನ ನಿಯಮದಂತೆ ಚಂದ್ರ 27.3 ದಿನಗಳ ಬದಲು ಸುಮಾರು ಒಂಬತ್ತೂಮುಕ್ಕಾಲು ದಿನಕ್ಕೇ ಒಂದು ಸುತ್ತು ಮುಗಿಸುತ್ತಾನೆ, ಹುಣ್ಣಿಮೆಯಿಂದ ಹುಣ್ಣಿಮೆಗೆ ಹತ್ತು ದಿನವೂ ಇರುವುದಿಲ್ಲ, ನಮ್ಮ ಪಂಚಾಂಗ ಬರೆಯುವವರಿಗೆ ಮೂರು ಪಟ್ಟು ಕೆಲಸ. ಚಂದ್ರಬಿಂಬದ ಅಗಲ ಇಮ್ಮಡಿ, ಬೆಳದಿಂಗಳು ನಾಲ್ಕು ಪಟ್ಟು. ಆದರೆ ಉಬ್ಬರವನ್ನು ಎಬ್ಬಿಸುವ ಬಲ ದೂರದ ಘನಕ್ಕೆ ವಿಲೋಮವಾಗಿ ಬದಲಾಗುವುದರಿಂದ ಅದು ಎಂಟು ಪಟ್ಟಾಗುತ್ತದೆ, ಮುಖ್ಯ ಸಂಗತಿ ಅದೇ. ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರಕ್ಕೂ ಅದೇ ದಿನದ ಇಳಿತಕ್ಕೂ ಈಗ ನಾಲ್ಕರಿಂದ ಐದು ಮೀಟರ್ ಅಂತರವಿರುತ್ತದೆ. ಕರಾವಳಿಯ ಆಳ ಮತ್ತು ಆಕಾರಗಳು ನಡುವೆ ಬರುವುದರಿಂದ ಅದನ್ನು ಎಂಟರಿಂದ ಗುಣಿಸಿ ಮುಗಿಸುವಂತಿಲ್ಲ. ಆದರೂ ದಾದರ್, ಮಾಹಿಮ್, ಸಾಯನ್ ಎಂಬ ಬಡಾವಣೆಗಳು ಹುಟ್ಟುತ್ತಲೇ ಇರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಇದು ಬರೀ ಕಲ್ಪನೆಯೂ ಅಲ್ಲ, ಚಂದ್ರ ಹಿಂದೆ ನಿಜವಾಗಿಯೂ ಹತ್ತಿರವಿದ್ದ. ಭೂಮಿ ತನ್ನ ಅಕ್ಷದ ಮೇಲೆ ಚಂದ್ರ ಸುತ್ತುವುದಕ್ಕಿಂತ ವೇಗವಾಗಿ ತಿರುಗುವುದರಿಂದ ಸಮುದ್ರದ ಉಬ್ಬು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಸಾಗಿರುತ್ತದೆ. ಆ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆದು ಮೇಲಿನ ಕಕ್ಷೆಗೆ ಏರಿಸುತ್ತದೆ, ಚಂದ್ರ ಅದೇ ಉಬ್ಬನ್ನು ಹಿಂದಕ್ಕೆ ಎಳೆದು ಭೂಮಿಯ ತಿರುಗುವಿಕೆಯನ್ನು ನಿಧಾನಗೊಳಿಸುತ್ತಾನೆ. 1969ರಲ್ಲಿ ಅಪೋಲೊ 11ರ ಯಾತ್ರಿಗಳು ಇರಿಸಿ ಬಂದ ಪ್ರತಿಫಲಕಕ್ಕೆ ಲೇಸರ್ ಬಿಟ್ಟು ಅಳೆಯಲು ಆರಂಭಿಸಿದ ಮೇಲೆ, ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ ಎಂಬುದು ಖಚಿತವಾಗಿದೆ. ದಿನ ಉದ್ದವಾಗುತ್ತಿರುವುದಕ್ಕೆ ಹವಳದ ಪಳೆಯುಳಿಕೆಗಳಲ್ಲಿ ಸಾಕ್ಷಿ ಸಿಕ್ಕಿದೆ: 1963ರಲ್ಲಿ ಜಾನ್ ವೆಲ್ಸ್ ಅವುಗಳ ಬೆಳವಣಿಗೆಯ ಗೆರೆಗಳನ್ನು ಎಣಿಸಿ, ಸುಮಾರು 38 ಕೋಟಿ ವರ್ಷಗಳ ಹಿಂದೆ ಒಂದು ವರ್ಷದಲ್ಲಿ 400 ದಿನಗಳಿದ್ದವು ಎಂದು ತೋರಿಸಿದರು. ಇಲ್ಲಿ ಒಂದು ಸ್ವಾರಸ್ಯವಿದೆ. ಉಬ್ಬರದ ತಿಕ್ಕಾಟ ಯಾವಾಗಲೂ ಇಂದಿನಷ್ಟೇ ಇತ್ತು ಎಂದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ, ಸುಮಾರು 150 ಕೋಟಿ ವರ್ಷಗಳ ಹಿಂದೆಯೇ ಚಂದ್ರ ಭೂಮಿಗೆ ತಗಲಿಕೊಂಡಿರಬೇಕಾಗುತ್ತದೆ. ಚಂದ್ರನ ವಯಸ್ಸು ಸುಮಾರು 450 ಕೋಟಿ ವರ್ಷ. ಹಾಗಾದರೆ ಹಳೆಯ ಸಾಗರಗಳಲ್ಲಿ ತಿಕ್ಕಾಟ ಇಂದಿಗಿಂತ ಬಹಳ ಕಡಿಮೆ ಇದ್ದಿರಬೇಕು. ಇಂದಿನ ಖಂಡಗಳ ಹಂಚಿಕೆಯಲ್ಲಿ, ವಿಶೇಷವಾಗಿ ಅಟ್ಲಾಂಟಿಕ್ ಸಾಗರದ ಅಗಲದಲ್ಲಿ, ನೀರಿನ ಸ್ವಾಭಾವಿಕ ತೂಗಾಟ ಉಬ್ಬರದ ಅವಧಿಗೆ ಹತ್ತಿರ ಬಂದಿರುವುದರಿಂದ ತಿಕ್ಕಾಟ ಈಗ ಹೆಚ್ಚಾಗಿದೆ. ಅಂದರೆ ಚಂದ್ರನ ಕಕ್ಷೆಯ ಇತಿಹಾಸ ಭೂಮಿಯ ಸಮುದ್ರಗಳ ಇತಿಹಾಸದ ಜೊತೆ ಹೆಣೆದುಕೊಂಡಿದೆ. ಪದವಿಗೆ ಹೋದ ಮೇಲೆ ಇದನ್ನು ಓದು, ಮಗೂ.

ಥಾಣೆಯ ಸದಸ್ಯರು: ಚಂದ್ರ ದೂರ ಹೋಗುತ್ತಿದ್ದಾನೆ ಎಂದು ತಾವೇ ಒಪ್ಪಿದಿರಿ. ಹಾಗಾದರೆ ಸಂದೇಶದಲ್ಲಿ ತಪ್ಪೇನಿದೆ? ಚಂದ್ರ ಹೊರಟುಹೋಗುವವರೆಗೂ ಕಾಯಬೇಕೇ?

ಪ್ರಾಧ್ಯಾಪಕರು: ಎಂಬತ್ತು ವರ್ಷದ ಆಯುಷ್ಯದಲ್ಲಿ ಚಂದ್ರ ಸರಿಯುವುದು ಮೂರು ಮೀಟರ್. ಪ್ರತಿ ತಿಂಗಳೂ ಅವನು ಸುಮಾರು 40,000 ಕಿ.ಮೀ. ಹತ್ತಿರ ಬಂದು ದೂರ ಹೋಗುತ್ತಾನೆ. ಸುಮಾರು 60 ಕೋಟಿ ವರ್ಷಗಳ ನಂತರ ಪೂರ್ಣ ಸೂರ್ಯಗ್ರಹಣ ಕಾಣುವುದು ನಿಲ್ಲಬಹುದು. ಕಾಯುವುದಾದರೆ ಅಷ್ಟು ಕಾಯಿರಿ.

ದಿವಾಡಿಯ ಸದಸ್ಯೆ: ಸರ್, ನಮಸ್ಕಾರ. ನಾನು ಕುಮಟಾ ಕಡೆಯವಳು, ಮದುವೆಯಾಗಿ ಗೋವಾದ ದಿವಾಡಿ ದ್ವೀಪದಲ್ಲಿದ್ದೇನೆ. ನಮ್ಮೂರಿನ ಗಜನಿ ಭೂಮಿಯಂತೆಯೇ ಇಲ್ಲಿ ಮಾಂಡವಿ ನದಿಯ ಅಂಚಿನಲ್ಲಿ ಖಾಜನ್ ಗದ್ದೆಗಳಿವೆ. ಒಡ್ಡು ಕಟ್ಟಿ, ಇಲ್ಲಿಯವರು ಮಾನಸ್ ಎನ್ನುವ ತೂಬಿನಿಂದ ಉಪ್ಪುನೀರನ್ನು ತಡೆಯುತ್ತೇವೆ. ಹತ್ತು ವರ್ಷಗಳ ಹಿಂದೆ ದೊಡ್ಡ ಉಬ್ಬರದ ದಿನವೂ ಗದ್ದೆಯ ಒಳಗೆ ನೀರು ಕಾಣುತ್ತಿರಲಿಲ್ಲ. ಈಗ ತೂಬಿನ ಒಳಬದಿಯ ಚಿರೆಕಲ್ಲಿನ ಗೋಡೆಯ ಮೇಲೆ ನೀರಿನ ಗುರುತು ಒಂದು ಮೊಳ ಮೇಲೆ ಬಂದಿದೆ. ಬಿತ್ತಿದ ಭತ್ತ ಉಪ್ಪಿಗೆ ಕರಟುತ್ತಿದೆ. ಚಂದ್ರನ ಕಕ್ಷೆ ಓಲಾಡುತ್ತಿರುವುದರಿಂದ ಉಬ್ಬರ ಹೆಚ್ಚಾಗಿದೆ, ಏನೂ ಮಾಡಲಾಗದು ಎಂದು ಊರಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಇದು ನಿಜವಾದರೆ ಗದ್ದೆ ಬಿಟ್ಟುಬಿಡೋಣ ಎಂದು ಮನೆಯವರ ಯೋಚನೆ.

ಪ್ರಾಧ್ಯಾಪಕರು: ತಂಗೀ, ಗದ್ದೆ ಬಿಡುವ ನಿರ್ಧಾರವನ್ನು ಈಗಲೇ ಮಾಡಬೇಡಿರಿ. ಈ ಗುಂಪಿಗೆ ಬಂದ ಪ್ರಶ್ನೆಗಳಲ್ಲಿ ನನಗೆ ನಿಜವಾಗಿ ಕಳವಳ ಉಂಟುಮಾಡಿದ್ದು ಇದೊಂದೇ, ಆದುದರಿಂದ ವಿವರವಾಗಿ ಬರೆಯುತ್ತೇನೆ.

ಚಂದ್ರನ ಕಕ್ಷೆ ಓಲಾಡುವುದು ನಿಜ. ಅದು ಭೂಕಕ್ಷೆಯ ತಳಕ್ಕೆ ಸುಮಾರು 5 ಡಿಗ್ರಿ ಓರೆಯಾಗಿದೆ, ಮತ್ತು ಎರಡೂ ತಳಗಳು ಕೂಡುವ ಬಿಂದುಗಳು, ಅಂದರೆ ಪಂಚಾಂಗದ ರಾಹು ಮತ್ತು ಕೇತುಗಳು, 18.6 ವರ್ಷಗಳಲ್ಲಿ ಒಂದು ಸುತ್ತು ಹಿಂದಕ್ಕೆ ಹೋಗುತ್ತವೆ. ಇದರಿಂದ ಚಂದ್ರ ಸಮಭಾಜಕದಿಂದ ಉತ್ತರ ಮತ್ತು ದಕ್ಷಿಣಕ್ಕೆ ಕೆಲವು ವರ್ಷ 28.5 ಡಿಗ್ರಿಯವರೆಗೆ ಹೋಗುತ್ತಾನೆ, ಕೆಲವು ವರ್ಷ 18.5 ಡಿಗ್ರಿಗೇ ಹಿಂದಿರುಗುತ್ತಾನೆ. 2024–25ರಲ್ಲಿ ಅವನು ಹೆಚ್ಚು ದೂರ ಹೋಗುತ್ತಿದ್ದ. 2015ರಲ್ಲಿ ಕಡಿಮೆ ಹೋಗುತ್ತಿದ್ದ, 2034ರ ಸುಮಾರಿಗೆ ಮತ್ತೆ ಕಡಿಮೆ ಹೋಗುತ್ತಾನೆ. ಚಂದ್ರ ಸಮಭಾಜಕಕ್ಕೆ ಹತ್ತಿರವಿರುವ ವರ್ಷಗಳಲ್ಲಿ ದಿನಕ್ಕೆ ಎರಡು ಬಾರಿ ಬರುವ ಉಬ್ಬರ ಸರಾಸರಿಗಿಂತ ಸುಮಾರು ಶೇ. 3.7 ಹೆಚ್ಚಾಗುತ್ತದೆ, ದೂರ ಹೋಗುವ ವರ್ಷಗಳಲ್ಲಿ ಅಷ್ಟೇ ತಗ್ಗುತ್ತದೆ. ದಿನಕ್ಕೆ ಒಂದು ಬಾರಿ ಬರುವ ಅಂಶದ ನಡೆ ಇದಕ್ಕೆ ತಿರುಗುಮುರುಗು. ಗೋವಾದಲ್ಲಿ ಎರಡೂ ಬೆರೆತಿವೆ, ಹಾಗಾಗಿಯೇ ನಿಮ್ಮಲ್ಲಿ ಒಂದೇ ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲ. 2015ರಿಂದ ಈಚೆಗೆ ಮೊದಲನೆಯ ಅಂಶ ತಗ್ಗಿದೆ, ಎರಡನೆಯದು ಏರಿದೆ. ಒಂದು ಮತ್ತೊಂದನ್ನು ಭಾಗಶಃ ಅಳಿಸಿಹಾಕುತ್ತದೆ. ಎಷ್ಟೇ ಉದಾರವಾಗಿ ಲೆಕ್ಕ ಹಾಕಿದರೂ ಚಂದ್ರನ ಓಲಾಟದಿಂದ ಗೋವಾದ ಉಬ್ಬರ ಒಂದು ಗೇಣು ಏರುವುದಿಲ್ಲ. ನೀವು ಹೇಳುತ್ತಿರುವುದು ಒಂದು ಮೊಳ.

ಎರಡನೆಯದು ಸಮುದ್ರಮಟ್ಟ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2015ರವರೆಗೆ ವರ್ಷಕ್ಕೆ ಸುಮಾರು 3.3 ಮಿ.ಮೀ. ಏರಿದೆ. ಅದೇ ದರವನ್ನು ಹಿಡಿದರೆ ಹತ್ತು ವರ್ಷಕ್ಕೆ ಮೂರು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ಇದು ಮರಳಿ ಇಳಿಯದ ಏರಿಕೆಯಾದ್ದರಿಂದ ಮುಂದೆ ನಿಮ್ಮ ಒಡ್ಡಿಗೆ ಇದೇ ದೊಡ್ಡ ಶತ್ರು, ಆದರೆ ಇದರಿಂದಲೂ ಹತ್ತು ವರ್ಷದಲ್ಲಿ ಒಂದು ಮೊಳ ಬರುವುದಿಲ್ಲ.

ಆದುದರಿಂದ ಉಳಿದದ್ದನ್ನು ನೆಲದ ಮೇಲೆ ಹುಡುಕಬೇಕು. ನಾಲ್ಕು ಸಂಗತಿಗಳನ್ನು ನೋಡಿ ತಿಳಿಸಿರಿ. ನೀರು ಒಳಬರುವುದು ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಮಾತ್ರವೇ, ಅಷ್ಟಮಿಯ ಸಣ್ಣ ಉಬ್ಬರದಲ್ಲಿಯೂ ಬರುತ್ತದೆಯೇ? ನದಿಯಲ್ಲಿ ಮಳೆಯ ಪ್ರವಾಹ ಇರದ ಬೇಸಿಗೆಯಲ್ಲಿಯೂ ಬರುತ್ತಿತ್ತೇ? ಇಳಿತದಲ್ಲಿ ಒಡ್ಡಿನ ಹೊರಗಿನ ನೀರು ಮೊದಲಿನಷ್ಟೇ ಕೆಳಗೆ ಇಳಿಯುತ್ತಿದೆಯೇ? ಚಂದ್ರನಿಂದ ಉಬ್ಬರ ಹೆಚ್ಚಾದರೆ ಇಳಿತವೂ ಹೆಚ್ಚು ಕೆಳಗಿಳಿಯಬೇಕು. ಸಮುದ್ರವೇ ಏರಿದ್ದರೆ ಅಥವಾ ಹೂಳು ತುಂಬಿದ್ದರೆ ಇಳಿತದ ಮಟ್ಟವೂ ಮೇಲೆಯೇ ನಿಲ್ಲುತ್ತದೆ. ಕೊನೆಯದಾಗಿ, ತೂಬಿನ ಬಾಗಿಲು ಉಬ್ಬರದ ಒತ್ತಡಕ್ಕೆ ತಾನಾಗಿ ಮುಚ್ಚಿಕೊಳ್ಳುವ ಬಗೆಯದು. ಅದು ಚೌಕಟ್ಟಿಗೆ ಪೂರ್ತಿ ಕೂಡುತ್ತಿದೆಯೇ ಎಂದು ಇಳಿತದ ಹೊತ್ತಿನಲ್ಲಿ ಇಳಿದು ನೋಡಿಸಿರಿ. ನೀವು ಇಳಿಯಬೇಡಿರಿ, ಅದರ ಕೆಲಸ ಬಲ್ಲವರನ್ನು ಇಳಿಸಿರಿ.

ಮಡಗಾಂವಿನ ಸದಸ್ಯರು: ಸರ್, ಚಂದ್ರ ಹತ್ತಿರ ಬಂದ ದಿನಗಳಲ್ಲಿ ಬಂಗಡೆ ಮೀನು ಹೆಚ್ಚು ಸಿಗುತ್ತದೆ ಎನ್ನುತ್ತಾರೆ. ಇದಕ್ಕೆ ಆಧಾರವಿದೆಯೇ?

ಚಿಂಚವಡದ ಸದಸ್ಯರು: ರಾಹು, ಕೇತುಗಳನ್ನು ಪ್ರಾಧ್ಯಾಪಕರೇ ಒಪ್ಪಿಕೊಂಡದ್ದು ಸಂತೋಷದ ವಿಷಯ. ನಮ್ಮ ಪೂರ್ವಿಕರಿಗೆ ಕಕ್ಷೆಗಳ ಬದಲಾವಣೆ ಎಲ್ಲವೂ ತಿಳಿದಿತ್ತು. ಇಂದಿಗೂ ಮಕರ ಸಂಕ್ರಾಂತಿಯಂದೇ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ.

ಥಾಣೆಯ ಸದಸ್ಯರು: ರಾಯರೇ, ಸೂರ್ಯ ಡಿಸೆಂಬರ್ 21–22ಕ್ಕೇ ತಿರುಗುತ್ತಾನೆ. ನಮ್ಮ ಹೋಟೆಲಿನ ಪೂರ್ವದ ಕಿಟಕಿಯಲ್ಲಿ ಬಿಸಿಲು ಬೀಳುವ ಜಾಗ ನೋಡಿದರೂ ತಿಳಿಯುತ್ತದೆ.

ಚಿಂಚವಡದ ಸದಸ್ಯರು: ಶಾಸ್ತ್ರವನ್ನು ಹೋಟೆಲಿನ ಕಿಟಕಿಯಿಂದ ಅಳೆಯುವವರ ಜೊತೆ ವಾದ ಮಾಡುವ ಅಭ್ಯಾಸ ನನಗಿಲ್ಲ.

ಥಾಣೆಯ ಸದಸ್ಯರು: ಕಿಟಕಿ ಸುಳ್ಳು ಹೇಳುವುದಿಲ್ಲ. ತಮ್ಮ ಪುಣೆಯಲ್ಲಿಯೇ ಟಿಳಕ ಪಂಚಾಂಗದವರು ಸಂಕ್ರಾಂತಿಯನ್ನು ಉಳಿದವರಿಗಿಂತ ಕೆಲವು ದಿನ ಮೊದಲೇ ಬರೆಯುತ್ತಾರಲ್ಲ, ಆಗ ಸೂರ್ಯ ಎರಡು ಬಾರಿ ತಿರುಗುತ್ತಾನೆಯೇ?

ಪ್ರಾಧ್ಯಾಪಕರು: ಇಬ್ಬರೂ ಕ್ಷಮಿಸಬೇಕು. ಸಂಕ್ರಾಂತಿಯನ್ನು ನಕ್ಷತ್ರಗಳ ಆಧಾರದಿಂದ ಎಣಿಸುತ್ತೇವೆ. ಸೂರ್ಯನ ತಿರುವು ಭೂಮಿಯ ಅಕ್ಷದ ವಾಲಿಕೆಯಿಂದ ಆಗುತ್ತದೆ. ಅಕ್ಷದ ದಿಕ್ಕು ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತು ಬರುವುದರಿಂದ 72 ವರ್ಷಕ್ಕೆ ಒಂದು ದಿನದಂತೆ ಇವೆರಡೂ ಬೇರೆಯಾಗುತ್ತವೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು, ಈಗ ಇಪ್ಪತ್ನಾಲ್ಕು ದಿನಗಳ ಅಂತರವಿದೆ. ಯಾವ ನಕ್ಷತ್ರದಿಂದ ಎಣಿಕೆ ಆರಂಭಿಸಬೇಕೆಂಬುದರಲ್ಲಿ ಒಮ್ಮತವಿಲ್ಲದ್ದರಿಂದ ಪಂಚಾಂಗಗಳೂ ಬೇರೆಯಾಗಿವೆ. ಇದನ್ನು ಸರಿಪಡಿಸಲೆಂದೇ 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗಿ, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಇದು ಅಕ್ಷದ ವಿಷಯ, ಕಕ್ಷೆಯದಲ್ಲ. ಇಲ್ಲಿಗೆ ಬಿಡಿರಿ.

ಚಿಂಚವಡದ ಸದಸ್ಯರು: ಸರ್ಕಾರಿ ಸಮಿತಿ ಹೇಳಿದ್ದನ್ನು ಪುರೋಹಿತರು ಯಾರೂ ಒಪ್ಪಿಲ್ಲ ಎಂಬುದನ್ನೂ ಬರೆಯಿರಿ.

ಥಾಣೆಯ ಸದಸ್ಯರು: ಒಪ್ಪದಿರುವುದಕ್ಕೂ ಸೂರ್ಯನಿಗೂ ಸಂಬಂಧವಿಲ್ಲ ಎಂದು ಈಗ ತಾನೇ ತಿಳಿಸಿದರಲ್ಲ. ಕನ್ನಡ ಓದಲು ಬರುವುದಿಲ್ಲವೇ?

ನಿರ್ವಾಹಕರು, ಮುಲುಂಡ್: ಇಬ್ಬರೂ ಹಿರಿಯರು. ದಯವಿಟ್ಟು ಮರ್ಯಾದೆ ಇರಲಿ.

ಘಾಟಕೋಪರದ ಸದಸ್ಯೆ: ಸರ್, ಈ ವರ್ಷ ಗಣೇಶ ಚತುರ್ಥಿ ಸೆಪ್ಟೆಂಬರ್ 14ಕ್ಕೆ ಹೋಗಿದೆ, ಕಳೆದ ವರ್ಷ ಆಗಸ್ಟ್ 27ಕ್ಕೇ ಇತ್ತು. ಇದು ಕಕ್ಷೆ ಬದಲಾದುದರ ಲಕ್ಷಣವೇ?

ಪ್ರಾಧ್ಯಾಪಕರು: ಅಲ್ಲ. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ. ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಅದನ್ನು ತುಂಬಿಕೊಡಲು ಈ ವರ್ಷ ಅಧಿಕ ಜ್ಯೇಷ್ಠ ಬಂದಿತ್ತು.

ಕೋಥರೂಡಿನ ಸದಸ್ಯರು: ಸರ್, ಭೂಮಿಯ ಕಕ್ಷೆಯೇ ಹಿಗ್ಗಿ ಕುಗ್ಗುವುದರಿಂದ ಹಿಮಯುಗಗಳು ಬಂದವು ಎಂದು ಓದಿದ್ದೇನೆ. ಹಾಗಿದ್ದರೆ ಈಗಿನ ತಾಪಮಾನದ ಏರಿಕೆಯೂ ಕಕ್ಷೆಯಿಂದಲೇ ಆಗಿರಬೇಕಲ್ಲವೇ? ಕಾರ್ಖಾನೆಗಳನ್ನೂ ವಾಹನಗಳನ್ನೂ ದೂರುವುದೇಕೆ?

ಪ್ರಾಧ್ಯಾಪಕರು: ಪ್ರಶ್ನೆಯ ಮೊದಲರ್ಧ ಸರಿ. ಗುರು, ಶುಕ್ರ ಮೊದಲಾದ ಗ್ರಹಗಳ ಸೆಳೆತದಿಂದ ಭೂಕಕ್ಷೆ ಸುಮಾರು ಒಂದು ಲಕ್ಷ ವರ್ಷಗಳ ಆವರ್ತದಲ್ಲಿ ಹೆಚ್ಚುಕಡಿಮೆ ವೃತ್ತದಿಂದ ತುಸು ದೀರ್ಘವೃತ್ತಕ್ಕೂ ಮತ್ತೆ ಹಿಂದಕ್ಕೂ ಹೋಗುತ್ತದೆ. ಅಕ್ಷದ ವಾಲಿಕೆ 41,000 ವರ್ಷಗಳ ಆವರ್ತದಲ್ಲಿ 22.1ರಿಂದ 24.5 ಡಿಗ್ರಿಯ ನಡುವೆ ಬದಲಾಗುತ್ತದೆ. ಭೂಮಿ ಸೂರ್ಯನಿಗೆ ಸಮೀಪವಿರುವ ಕಾಲ ಯಾವ ಋತುವಿನಲ್ಲಿ ಬರುತ್ತದೆ ಎಂಬುದೂ ಸುಮಾರು 20,000 ವರ್ಷಗಳಲ್ಲಿ ಸುತ್ತುತ್ತದೆ. ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಇದರ ಲೆಕ್ಕವನ್ನು ಕೈಯಿಂದಲೇ ಹಾಕಿದ್ದರು. 1976ರಲ್ಲಿ ಸಮುದ್ರತಳದ ಕೆಸರಿನ ಪದರಗಳಲ್ಲಿ ಅದೇ ಆವರ್ತಗಳು ಕಂಡುಬಂದವು. ನಮ್ಮ ಮುಂಗಾರೂ ಇದಕ್ಕೆ ಒಳಪಟ್ಟಿದೆ: ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಉತ್ತರ ಗೋಳಾರ್ಧದ ಬೇಸಿಗೆಯಲ್ಲಿಯೇ ಭೂಮಿ ಸೂರ್ಯನಿಗೆ ಸಮೀಪವಿದ್ದುದರಿಂದ ಮುಂಗಾರು ಇಂದಿಗಿಂತ ಬಲವಾಗಿತ್ತು, ಸಹಾರಾದಲ್ಲಿ ಹುಲ್ಲು ಬೆಳೆದು ಕೆರೆಗಳಿದ್ದವು.

ಉಳಿದರ್ಧ ತಪ್ಪು. ಈ ಬದಲಾವಣೆಗಳು ಸಾವಿರಾರು ವರ್ಷಗಳಲ್ಲಿ ಆಗುವಂಥವು, ಮತ್ತು ಇಂದಿನ ಕಕ್ಷೆಯ ಸ್ಥಿತಿ ಭೂಮಿಯನ್ನು ಬಹಳ ನಿಧಾನವಾಗಿ ತಂಪಾಗಿಸಬೇಕಾದ ಸ್ಥಿತಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಪಾಲಿನಿಂದ 420ಕ್ಕೂ ಮೇಲೆ ಏರಲು ಇನ್ನೂರೈವತ್ತು ವರ್ಷ ಹಿಡಿದಿದೆ. ಅಷ್ಟರಲ್ಲಿ ಕಕ್ಷೆಯಲ್ಲಿ ಗಮನಿಸುವಂಥದ್ದೇನೂ ಆಗಿಲ್ಲ.

ಕೋಥರೂಡಿನ ಸದಸ್ಯರು: ಆದರೂ ಸೂರ್ಯನಿಂದಲೇ ಎಂದು ನನಗೆ ಬಂದ ಒಂದು ವಿಡಿಯೊದಲ್ಲಿ…

ಪ್ರಾಧ್ಯಾಪಕರು: ವಿಡಿಯೊ ನೋಡುವುದಿಲ್ಲ.

ನೆರೂಳಿನ ಸದಸ್ಯರು: ಕ್ಷುದ್ರಗ್ರಹ ಬಡಿದರೆ ಚಂದ್ರ ಕಕ್ಷೆ ತಪ್ಪುತ್ತಾನಂತೆ. ಚಂದ್ರಯಾನ ಇಳಿದ ಭಾರಕ್ಕೇ ಸ್ವಲ್ಪ ಸರಿದಿದ್ದಾನೆ ಎಂದೂ ಬಂದಿದೆ.

ಪ್ರಾಧ್ಯಾಪಕರು: ಚಂದ್ರನ ದ್ರವ್ಯರಾಶಿ 7ರ ಮುಂದೆ 22 ಸೊನ್ನೆಗಳಷ್ಟು ಕಿಲೋಗ್ರಾಂ. ಚಂದ್ರಯಾನ-3ರ ಇಳಿನೌಕೆ ರೋವರಿನೊಂದಿಗೆ 1,752 ಕಿಲೋಗ್ರಾಂ. ಭಾಗಿಸಿ ನೋಡಿರಿ. ಮನುಷ್ಯರು ಉದ್ದೇಶಪೂರ್ವಕವಾಗಿ ಡಿಕ್ಕಿ ಹೊಡೆಸಿ ಒಂದು ಆಕಾಶಕಾಯದ ಕಕ್ಷೆಯನ್ನು ಬದಲಿಸಿದ್ದು 2022ರ ಸೆಪ್ಟೆಂಬರ್ 26ರಂದು. ನಾಸಾದ ಡಾರ್ಟ್ ನೌಕೆ, ಡಿಡಿಮಾಸ್ ಎಂಬ ಕ್ಷುದ್ರಗ್ರಹವನ್ನು ಸುತ್ತುವ ಸುಮಾರು 160 ಮೀಟರಿನ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಬಡಿದು, ಅದರ ಸುತ್ತಿನ ಅವಧಿಯನ್ನು 11 ಗಂಟೆ 55 ನಿಮಿಷದಿಂದ ಸುಮಾರು ಅರ್ಧ ಗಂಟೆ ಇಳಿಸಿತು. ಅಷ್ಟು ಚಿಕ್ಕದಾದ್ದರಿಂದ ಅಲುಗಿತು. ಚಂದ್ರನ ಮೈಮೇಲೆ ನೂರಾರು ಕಿ.ಮೀ. ಅಗಲದ ಕುಳಿಗಳನ್ನು ಮಾಡಿದ ಬಂಡೆಗಳಿಂದಲೂ ಅವನು ಕಕ್ಷೆ ಬಿಟ್ಟಿಲ್ಲ.

ಭಾಂಡುಪಿನ ಸದಸ್ಯರು: ಸರ್, ಚಂದ್ರನೇ ಇಲ್ಲವಾದರೆ?

ಪ್ರಾಧ್ಯಾಪಕರು: ಸೂರ್ಯನಿಂದಾಗುವ ಉಬ್ಬರ ಮಾತ್ರ ಉಳಿಯುತ್ತದೆ, ಅದು ಚಂದ್ರನದರ ಅರ್ಧಕ್ಕಿಂತ ತುಸು ಕಡಿಮೆ. ಬಹು ದೀರ್ಘ ಕಾಲದಲ್ಲಿ ಅಕ್ಷದ ವಾಲಿಕೆ ಸ್ಥಿರವಾಗಿ ಉಳಿಯುವ ಭರವಸೆ ಇರುವುದಿಲ್ಲ. ಚಂದ್ರ ಎಲ್ಲಿಗೂ ಹೋಗುತ್ತಿಲ್ಲ.

ಅಂಧೇರಿಯ ಸದಸ್ಯೆ: ಭೂಮಿ ದೂರ ಹೋಗುವುದರಿಂದ ಈ ತಿಂಗಳು ಮಕ್ಕಳಿಗೆ ಬೆಳದಿಂಗಳಲ್ಲಿ ಇಟ್ಟ ತಾಮ್ರದ ಪಾತ್ರೆಯ ನೀರು ಕೊಡಬೇಕು ಎಂದು ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಕಳುಹಿಸುತ್ತಿದ್ದೇನೆ.

ಪ್ರಾಧ್ಯಾಪಕರು: ಭೂಮಿ ದೂರ ಹೋಗುವ ವಿಷಯಕ್ಕೆ ಮೇಲೆ ಉತ್ತರವಿದೆ, ಓದಿರಿ. ಮಳೆಗಾಲದಲ್ಲಿ ರಾತ್ರಿಯಿಡೀ ಹೊರಗೆ ತೆರೆದಿಟ್ಟ ನೀರನ್ನು ಮಕ್ಕಳಿಗೆ ಕುಡಿಸಬೇಡಿರಿ. ಕುದಿಸಿ ಆರಿಸಿದ ನೀರು ಕೊಡಿರಿ. ಇಂಥದ್ದನ್ನು ಇನ್ನು ಮುಂದೆ ಇಲ್ಲಿಗೆ ಕಳುಹಿಸಬೇಡಿರಿ.

ಅಂಧೇರಿಯ ಸದಸ್ಯೆ: ಒಳ್ಳೆಯದಾಗಲಿ ಎಂದು ಕಳುಹಿಸಿದರೆ ಹೀಗೆ ಗದರಿಸುವುದು ಯಾವ ಸಂಸ್ಕೃತಿ?

ಚಿಂಚವಡದ ಸದಸ್ಯರು: ಇವರಿಗೆ ನಮ್ಮದೆಲ್ಲವೂ ಅಜ್ಞಾನವೇ.

ಥಾಣೆಯ ಸದಸ್ಯರು: ಬಂದರು ನೋಡಿ, ಉತ್ತರಕ್ಕೆ ತಿರುಗದ ಸೂರ್ಯನ ವಕೀಲರು. ಸರ್, ಇವರನ್ನು ಬಿಡಿ. ಮುಂಬೈ ಪಾಲಿಕೆ 4.8 ಮೀಟರ್ ಉಬ್ಬರ ಎಂದು ಸೂಚನೆ ಕೊಡುತ್ತದಲ್ಲ, ಅಷ್ಟು ಎತ್ತರದ ನೀರು ರಸ್ತೆಗೆ ಬರುತ್ತದೆಯೇ? ನಮ್ಮ ಮಸ್ಜಿದ್ ಬಂದರಿನ ಗೋದಾಮು ತಗ್ಗಿನಲ್ಲಿದೆ.

ಪ್ರಾಧ್ಯಾಪಕರು: ಇಲ್ಲ. ಆ ಎತ್ತರವನ್ನು ಅತ್ಯಂತ ಕೆಳಗಿನ ಇಳಿತಕ್ಕೆ ಹತ್ತಿರದ ಒಂದು ಮಟ್ಟದಿಂದ ಅಳೆಯುತ್ತಾರೆ, ರಸ್ತೆಯಿಂದಲ್ಲ. ಆದರೆ ಉಬ್ಬರ 4.5 ಮೀಟರ್ ದಾಟಿದಾಗ ಜೋರು ಮಳೆಯೂ ಬಿದ್ದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ತಗ್ಗಿನಲ್ಲಿಯೇ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆಯಾದಾಗ ಉಬ್ಬರವೂ ಜೊತೆಗೂಡಿತ್ತು. ಮುಂಬೈಯಲ್ಲಿ ದಿನಕ್ಕೆ ಎರಡು ಬಾರಿಯ ಉಬ್ಬರವೇ ಪ್ರಧಾನವಾದ್ದರಿಂದ, ನಾನು ಮೇಲೆ ಹೇಳಿದ ಓಲಾಟದಿಂದ 2034ರ ಸುಮಾರಿಗೆ ಅದು ಸರಾಸರಿಗಿಂತ ನಾಲ್ಕೈದು ಸೆಂ.ಮೀ. ಮೇಲೆ ಬರುತ್ತದೆ. ಆ ಹೊತ್ತಿಗೆ ಸಮುದ್ರವೂ ಇನ್ನಷ್ಟು ಏರಿರುತ್ತದೆ. ಗೋದಾಮಿನ ನೆಲವನ್ನು ಎತ್ತರಿಸುವ ವಿಚಾರವಿದ್ದರೆ ಈಗಲೇ ಮಾಡಿರಿ.

ಮಡಗಾಂವಿನ ಸದಸ್ಯರು: ಬಂಗಡೆಯ ಬಗ್ಗೆ ಕೇಳಿದ್ದೆ, ಸರ್.

ಕಲ್ಯಾಣದ ಸದಸ್ಯರು: ಆಗಸ್ಟ್ 12ರಂದು ಗುರುತ್ವ ಇರುವುದಿಲ್ಲವಂತೆ, ನಿಜವೇ?

ಪ್ರಾಧ್ಯಾಪಕರು: ಸುಳ್ಳು. ಮೇಲೆ ಓದಿರಿ.

ಡೊಂಬಿವಲಿಯ ಸದಸ್ಯೆ: ಸರ್, ವೈದ್ಯರು ಮಾವನವರಿಗೆ ಸೇದುವ ಔಷಧವನ್ನು ಮತ್ತೆ ಆರಂಭಿಸಿದ್ದಾರೆ. ತಮ್ಮ ಉತ್ತರವನ್ನು ಓದಿ ಹೇಳಿದ ಮೇಲೆ, ಶುಕ್ರನ ಲೆಕ್ಕ ಸರಿಯೇ ಎಂದು ಅವರು ನನ್ನ ಮಗನಿಂದ ಪುಸ್ತಕ ತೆಗೆಸಿ ನೋಡಿದರು.

ಪ್ರಾಧ್ಯಾಪಕರು: ಒಳ್ಳೆಯದು.

ವಿಕ್ರೋಳಿಯ ಸದಸ್ಯರು: ಇಷ್ಟೆಲ್ಲ ಹೇಳುವವರು ಚಂದ್ರನ ಮೇಲೆ ಹೋಗಿ ಅಳೆದು ಬಂದಿದ್ದಾರೆಯೇ? ನಾಸಾ ಹೇಳಿದ್ದನ್ನೇ ಗಿಳಿಪಾಠ ಒಪ್ಪಿಸುತ್ತಿದ್ದಾರೆ.

ವಾಶಿಯ ವಿದ್ಯಾರ್ಥಿನಿ: ಸರ್, ಅಳೆಯಲು ಚಂದ್ರನವರೆಗೆ ಹೋಗಬೇಕಾಗಿಲ್ಲವಲ್ಲ. 1980ರ ಫೆಬ್ರವರಿ 16ರಂದು ಅಂಕೋಲಾದಿಂದ ರಾಯಚೂರಿನವರೆಗೆ ಪೂರ್ಣ ಸೂರ್ಯಗ್ರಹಣ ಕಂಡಿತ್ತು ಎಂದು ನಮ್ಮ ಅಜ್ಜ ಹೇಳುತ್ತಾರೆ. 2019ರ ಡಿಸೆಂಬರ್ 26ರಂದು ಕೊಡಗಿನಲ್ಲಿ ಕಂಡದ್ದು ಕಂಕಣ ಗ್ರಹಣ. ಚಂದ್ರನ ದೂರ ಬದಲಾಗುವುದರಿಂದಲೇ ಹೀಗಾಗುವುದು ಎಂದುಕೊಂಡಿದ್ದೇನೆ, ಸರಿಯೇ?

ಪ್ರಾಧ್ಯಾಪಕರು: ಸರಿ. 2019ರಲ್ಲಿ ಭೂಮಿಯೂ ಪುರರವಿಯ ಹತ್ತಿರವಿದ್ದುದರಿಂದ ಸೂರ್ಯಬಿಂಬ ದೊಡ್ಡದಾಗಿತ್ತು, ಅದನ್ನೂ ಸೇರಿಸಿಕೋ. ವಿಕ್ರೋಳಿಯವರಿಗೆ ಇದೇ ಉತ್ತರ.

ನಿರ್ವಾಹಕರು, ಮುಲುಂಡ್: ಚಿಂಚವಡ ಮತ್ತು ಥಾಣೆಯ ಸದಸ್ಯರು ಖಾಸಗಿಯಾಗಿ ಬರೆದಿರುವ ಬೈಗುಳಗಳನ್ನು ಇಬ್ಬರೂ ನನಗೆ ಕಳುಹಿಸಿದ್ದಾರೆ. ಇಬ್ಬರಿಗೂ ನಾಳೆಯವರೆಗೆ ಇಲ್ಲಿ ಬರೆಯಲು ಅವಕಾಶವಿಲ್ಲ.

ದಿವಾಡಿಯ ಸದಸ್ಯೆ: ಸರ್, ತಾವು ಹೇಳಿದಂತೆ ಅಷ್ಟಮಿಯವರೆಗೆ ಕಾದು ನೋಡಿದೆವು. ಸಣ್ಣ ಉಬ್ಬರದಲ್ಲಿಯೂ ನೀರು ಒಳಗೆ ಬರುತ್ತಿದೆ. ಬೇಸಿಗೆಯಲ್ಲಿಯೂ ಬರುತ್ತಿತ್ತು ಎಂದು ಅತ್ತೆಯವರು ನೆನಪು ಮಾಡಿಕೊಂಡರು. ಇಳಿತದಲ್ಲಿ ಹೊರಗಿನ ನೀರು ಮೊದಲಿನಷ್ಟೇ ಕೆಳಗಿಳಿಯುತ್ತಿದೆ, ಹಳೆಯ ಮೆಟ್ಟಿಲು ಕಾಣುತ್ತದೆ. ತೂಬಿನ ಕೆಲಸ ಬಲ್ಲ ಒಬ್ಬರು ಇಳಿದು ನೋಡಿದಾಗ, ಬಾಗಿಲಿನ ಕೆಳಗಿನ ಎರಡು ಹಲಗೆಗಳು ಕೊಳೆತು, ಒಂದು ಬದಿಯಲ್ಲಿ ಕೈ ತೂರುವಷ್ಟು ಸಂದಾಗಿದೆ. ಒಡ್ಡಿನಲ್ಲಿಯೂ ಏಡಿಗಳು ಕೊರೆದ ಬಿಲಗಳಿವೆ ಎಂದರು.

ಪ್ರಾಧ್ಯಾಪಕರು: ಹಾಗಾದರೆ ಚಂದ್ರನನ್ನು ಬಿಟ್ಟುಬಿಡಿರಿ. ಅಷ್ಟಮಿಯ ಉಬ್ಬರಕ್ಕೂ ನೀರು ಒಳನುಗ್ಗುವುದಾದರೆ ದೋಷ ಬಾಗಿಲಿನದು ಮತ್ತು ಒಡ್ಡಿನದು. ಇಳಿತ ಮೊದಲಿನಂತೆಯೇ ಇರುವುದರಿಂದ ಹೊರಗೆ ಹೂಳಿನ ಭಯವೂ ಸದ್ಯಕ್ಕಿಲ್ಲ. ಆಗಸ್ಟ್ 12ರ ಅಮಾವಾಸ್ಯೆಯ ಮೊದಲೇ ಹಲಗೆ ಬದಲಿಸಿ, ಬಿಲಗಳಿಗೆ ಜೇಡಿಮಣ್ಣು ತುಂಬಿಸಿರಿ. ಒಬ್ಬರೇ ಮಾಡುವ ಕೆಲಸವಲ್ಲ, ಗದ್ದೆಗಳ ಪಾಲುದಾರರೆಲ್ಲರನ್ನೂ ಸೇರಿಸಿ ಹೊರಡಿರಿ. ಇಲ್ಲವಾದರೆ ಪಕ್ಕದವರ ಒಡ್ಡಿನಿಂದ ನೀರು ಬರುತ್ತದೆ. ಹೊಸ ಬಾಗಿಲು ಕೂಡಿಸಿದ ದಿನ ಒಳಗಿನ ಮತ್ತು ಹೊರಗಿನ ಗೋಡೆಗಳ ಮೇಲೆ ಬಣ್ಣದಿಂದ ಒಂದೊಂದು ಗೆರೆ ಎಳೆದು ತಾರೀಖು ಬರೆಯಿರಿ. ಸಮುದ್ರ ಏರುವುದು ನಿಮಗೆ ಆ ಹೊರಗಿನ ಗೆರೆಯಿಂದ ತಿಳಿಯುತ್ತದೆ.

ದಿವಾಡಿಯ ಸದಸ್ಯೆ: ಸಾಗುವಾನಿ ಹಲಗೆ ಹಾಕಿಸಬೇಕೇ, ಮತ್ತಿ ಮರವೂ ನಡೆಯುತ್ತದೆಯೇ, ಸರ್?

ಪ್ರಾಧ್ಯಾಪಕರು: ಅದನ್ನು ಇಳಿದು ನೋಡಿದವರನ್ನೇ ಕೇಳಿರಿ.

ನೆರೂಳಿನ ಸದಸ್ಯರು: ಸರ್, ಭಾಗಿಸಿ ನೋಡಿದೆ, ಕ್ಯಾಲ್ಕುಲೇಟರಿನಲ್ಲಿ ಅಷ್ಟು ಸೊನ್ನೆಗಳು ಹಿಡಿಯುವುದಿಲ್ಲ. ಹಾಗಾದರೆ ಚಂದ್ರ ಸರಿದದ್ದು ಎಷ್ಟು?